ಅರ್ಧ ಗಂಟೆಯ ಎಳೆಬಿಸಿಲು

ನನ್ನ ಅಂಗನವಾಡಿಯಲ್ಲಿ ಬೆಳೆದ ಒಂದು ಮಗುವಿನ ಕಾಲೂ ಸೊಟ್ಟಗಾಗಿಲ್ಲ. ಇಪ್ಪತ್ತಾರು ವರ್ಷದ ಕೆಲಸದಲ್ಲಿ ನಾನು ಜಂಬದಿಂದ ಹೇಳಿಕೊಳ್ಳುತ್ತಿದ್ದ ಮಾತು ಇದೊಂದೇ. ಹೊನ್ನವಳ್ಳಿ ಪಕ್ಕದ ನಮ್ಮೂರಿನಲ್ಲಿ ಯಾರ ಮನೆಗೆ ಬಾಣಂತಿ ಬಂದರೂ ಎರಡನೇ ವಾರಕ್ಕೆ ನಾನು ಬಾಗಿಲಲ್ಲಿ ನಿಂತಿರುತ್ತಿದ್ದೆ. ಮಗುವಿಗೆ ಮೈತುಂಬ ಕೊಬ್ಬರಿ ಎಣ್ಣೆ ಹಚ್ಚಿ, ಬೆಳಗಿನ ಎಳೆಬಿಸಿಲಿನಲ್ಲಿ ಅರ್ಧ ಗಂಟೆ ಮಲಗಿಸಿ, ಹದಿನೈದು ನಿಮಿಷ ಬೆನ್ನು, ಹದಿನೈದು ನಿಮಿಷ ಹೊಟ್ಟೆ ಎಂದು ಹೇಳಿ ಬರುತ್ತಿದ್ದೆ. ಹೇಳಿ ಸುಮ್ಮನಾಗುವವಳೂ ಅಲ್ಲ, ಮಾರನೇ ದಿನ ಹೋಗಿ ನೋಡುತ್ತಿದ್ದೆ. ಮಲಗಿಸದೇ ಇದ್ದವರಿಗೆ ಗಿರಿಜಾಂಬಿಕಾ ಟೀಚರ್ ಬಾಯಿಂದ ಏನು ಸಿಗುತ್ತಿತ್ತು ಎಂದು ಊರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ಕೆಲಸಕ್ಕೆ ಸೇರಿದ ಮೂರನೇ ವರ್ಷಕ್ಕೆ ನನ್ನ ಮಗಳು ಲಿಖಿತಾ ಹುಟ್ಟಿದಳು. ತಲೆಗೂದಲು ಬಿಳಿ, ಹುಬ್ಬು ಬಿಳಿ, ಕಣ್ಣಿನ ರೆಪ್ಪೆಯೂ ಬಿಳಿ. ಬೆಳಕಿಗೆ ಹಿಡಿದರೆ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಚೀರುತ್ತಿದ್ದಳು. ನಮ್ಮತ್ತೆ ನೋಡಿದವರೇ, "ದೊರೆಸಾನಿ ಹುಟ್ಟವ್ಳೆ ಕಣೇ ನಮ್ಮನೇಲಿ" ಎಂದು ನಕ್ಕರು. ಆಮೇಲೆ ಅಡುಗೆಮನೆಗೆ ಹೋಗಿ ಅತ್ತರು. ಆಸ್ಪತ್ರೆಯ ಡಾಕ್ಟರು ಮೂರು ಮಾತು ಹೇಳಿದರು. ಇವಳ ಮೈಗೆ ಬಣ್ಣ ಮಾಡಿಕೊಳ್ಳುವ ಶಕ್ತಿ ಇಲ್ಲ, ಇದು ಯಾರ ತಪ್ಪೂ ಅಲ್ಲ, ಬಿಸಿಲಿಗೆ ಬಿಡಬೇಡಿ. ಮೊದಲಿನ ಎರಡನ್ನು ನಾನು ಚೆನ್ನಾಗಿ ಕೇಳಿಸಿಕೊಂಡೆ.

ಬಿಸಿಲಿಲ್ಲದೆ ಮಗು ಬೆಳೆಸುವುದು ಹೇಗೆ? ಊರಿನ ಮಕ್ಕಳನ್ನೆಲ್ಲ ಬಿಸಿಲಿಗೆ ಹಾಕಿಸಿದವಳ ಮಗಳೇ ಮೂಳೆ ಮೆತ್ತಗಾಗಿ ಕುಂಟಿಕೊಂಡು ಓಡಾಡಬೇಕೆ? ಹಾಗಾಗಿ ಎಲ್ಲ ಮಕ್ಕಳ ಹಾಗೆ ಇವಳಿಗೂ ಎಣ್ಣೆ ಹಚ್ಚಿದೆ, ಎಲ್ಲ ಮಕ್ಕಳ ಹಾಗೆ ಇವಳನ್ನೂ ಅಂಗಳದಲ್ಲಿ ಮಲಗಿಸಿದೆ. ಮೈ ಕೆಂಪಗೆ ಕಂದಿದರೆ ಇನ್ನೊಂದಿಷ್ಟು ಎಣ್ಣೆ ಸವರಿದೆ. ನಮ್ಮ ತೋಟದ್ದೇ ಕೊಬ್ಬರಿ, ಗಾಣದ ಎಣ್ಣೆ, ಅದಕ್ಕಿಂತ ಒಳ್ಳೆಯದು ಇನ್ನೇನಿದೆ ಎಂದುಕೊಂಡಿದ್ದೆ. ಇನ್ನೊಂದು ಮಾತೂ ಇದೆ. ಬಿಸಿಲಿಗೆ ಮೈ ಕಪ್ಪಾಗುವುದನ್ನು ಕಂಡಿದ್ದ ನನಗೆ, ಇವಳಿಗೂ ಒಂದಿಷ್ಟು ಬಣ್ಣ ಬಂದೀತು, ಜನ ನೋಡುವುದು ಕಡಿಮೆಯಾದೀತು ಎನ್ನುವ ಆಸೆ ಇತ್ತು. ಅದನ್ನು ಯಾರ ಮುಂದೆಯೂ ಆಡಲಿಲ್ಲ. ಕೇಳಿದವರಿಗೆ ಮೂಳೆ ಎಂದೆ.

ಬಿಸಿಲಿನ ವಿಚಾರ ಗೊತ್ತಿಲ್ಲದ ಮನೆಯೂ ಅಲ್ಲ ನಮ್ಮದು. ತೆಂಗಿನಕಾಯಿ ಅಟ್ಟದ ನೆರಳಿನಲ್ಲಿ ಹತ್ತು ಹನ್ನೊಂದು ತಿಂಗಳು ತನ್ನಷ್ಟಕ್ಕೆ ತಾನೇ ಒಣಗಿ ಒಳಗೆ ಉಂಡೆ ಕೊಬ್ಬರಿಯಾಗಬೇಕು. ಹಂಚು ಸರಿದು ಅಟ್ಟಕ್ಕೆ ಒಂದು ಗೇಣು ಬಿಸಿಲು ಬಿದ್ದರೂ ನನ್ನ ಗಂಡ ತೋಂಟದಾರ್ಯರು ಊಟ ಬಿಟ್ಟು ಏಣಿ ಹತ್ತುತ್ತಿದ್ದರು. "ಬಿಸ್ಲು ಹೊಡುದ್ರೆ ಕಾಯಿ ಸೀಳ್ತೈತೆ ಕಣೇ" ಎಂದು ಸಂದಿಗೆ ಗೋಣಿಚೀಲ ತುರುಕಿ ಇಳಿಯುತ್ತಿದ್ದರು. ಆಗ ಕೆಳಗೆ ಅಂಗಳದಲ್ಲಿ ಮಗಳು ಎಣ್ಣೆ ಹಚ್ಚಿಕೊಂಡು ಕೂತಿರುತ್ತಿದ್ದಳು. ಅವರೂ ಏನೂ ಅನ್ನಲಿಲ್ಲ. ಮಕ್ಕಳ ವಿಷಯ ನನ್ನದು ಎಂದು ಬಿಟ್ಟುಕೊಟ್ಟಿದ್ದರು.

ಶಾಲೆಗೆ ಹೋಗುವಾಗ ಎರಡು ಜಡೆ ಹೆಣೆದು, ಮೇಲಕ್ಕೆ ಮಡಚಿ, ರಿಬ್ಬನ್ ಕಟ್ಟಿ ಕಳಿಸುತ್ತಿದ್ದೆ. ಕಪ್ಪು ಹಲಗೆ ಕಾಣದೆ ಮೊದಲ ಸಾಲಿನಲ್ಲಿ ಮೂಗು ಮುಂದಿಟ್ಟುಕೊಂಡು ಕೂರುವ ಹುಡುಗಿ, ಆದರೂ ಹತ್ತನೇ ಕ್ಲಾಸಿನವರೆಗೆ ಯಾರಿಗೂ ಕಡಿಮೆಯಿಲ್ಲದೆ ಓದಿದಳು. ಹದಿನೈದಕ್ಕೆ ಕೆನ್ನೆ, ಕೈ, ಕತ್ತಿನ ಮೇಲೆಲ್ಲ ಕಂದು ಚುಕ್ಕೆ ಎದ್ದು ಚರ್ಮ ಒರಟಾಯಿತು. ಶಾಲೆಯವರು ಬಲವಂತ ಮಾಡಿದ್ದಕ್ಕೆ ತಿಪಟೂರಿನ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ನನಗಿಂತ ಎಷ್ಟೋ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಟ್ಯೂಬ್ ತೆಗೆದು ಲಿಖಿತಾಳ ತೋರುಬೆರಳು, ನಡುಬೆರಳಿನ ಉದ್ದಕ್ಕೂ ಬಿಸಿಲು ತಡೆಯುವ ಬಿಳಿ ಕ್ರೀಮಿನ ಎರಡು ಗೆರೆ ಎಳೆದಳು.

"ಮುಖಕ್ಕೆ, ಕತ್ತಿಗೆ ಇಷ್ಟು ಬೇಕೇಬೇಕು. ಕಿವಿ, ಕಿವಿ ಹಿಂದೆ, ಕತ್ತಿನ ಹಿಂಭಾಗ ಮರೀಬೇಡಿ. ಹೊರಗೆ ಹೋಗೋಕೆ ಕಾಲು ಗಂಟೆ ಮುಂಚೆ ಹಚ್ಚಿ. ಹೊರಗಿದ್ರೆ ಎರಡು ಗಂಟೆಗೊಂದು ಸಲ ಮತ್ತೆ ಹಚ್ಚಿ. ಮೋಡ ಇದ್ರೂ ಬಿಡ್ಬೇಡಿ. ಬರೀ ಕ್ರೀಮ್ ಸಾಲಲ್ಲ, ಉದ್ದ ತೋಳಿನ ಬಟ್ಟೆ, ಟೋಪಿ, ಛತ್ರಿ."

"ಅವಳೇನು ಕೂಲಿಗೆ ಹೋಗ್ತಾಳಾ ಮೇಡಂ? ತೋಟದಲ್ಲಿ ಇರ್ತಾಳೆ. ತೋಟ ಪೂರ್ತಿ ನೆರಳು."

"ತೆಂಗಿನ ತೋಟದಲ್ಲಿ ಎಲ್ಲಿದೆ ಅಮ್ಮಾ ನೆರಳು? ಒಂದು ಸಲ ತಲೆ ಎತ್ತಿ ನೋಡಿ, ಅರ್ಧಕ್ಕರ್ಧ ಆಕಾಶ ಕಾಣ್ಸುತ್ತೆ."

ನನಗೆ ಮೈ ಉರಿದುಹೋಯಿತು. ತೋಟದಲ್ಲೇ ಬದುಕು ಸವೆಸಿದವಳಿಗೆ ಪೇಟೆಯ ಹುಡುಗಿ ನೆರಳು ಯಾವುದು ಎಂದು ಪಾಠ ಹೇಳುತ್ತಿದ್ದಾಳೆ. "ಹಂಗಾದ್ರೆ ಮೂಳೆಗೆ ಬಿಸಿಲು ಬೇಡ್ವಾ? ನಾನು ಅಂಗನವಾಡಿ ಟೀಚರು. ದಿನಾ ಜನಕ್ಕೆ ಹೇಳೋದೇ ಅದು" ಎಂದೆ.

"ಬೇರೆ ಮಕ್ಕಳಿಗೆ ನೀವು ಹೇಳೋದು ಸರಿ. ಇವಳಿಗೆ ಅದು ಆಗಲ್ಲ. ಮೂಳೆಗೆ ಬೇಕಾದ್ದನ್ನ ನಾನು ಮಾತ್ರೇಲಿ ಕೊಡ್ತೀನಿ" ಎಂದಳು.

ಬಸ್ಸಿನಲ್ಲಿ ಬರುವಾಗ, ಜೊತೆಗೆ ಬಂದಿದ್ದ ಗಂಡನ ಮುಂದೆ ಆಡಿಕೊಂಡು ನಕ್ಕೆ. "ಸೂರ್ಯನ್ನೇ ಮಾತ್ರೆ ಮಾಡಿ ನುಂಗುಸ್ತಾಳಂತೆ ಕಣ್ರೀ."

ಮನೆಗೆ ಬಂದವಳೇ ಮಾತ್ರೆಯ ಚೀಟಿ ಮಡಚಿಟ್ಟು ನನ್ನದೇ ಒಂದು ಕಾನೂನು ಮಾಡಿದೆ. ತಿಪಟೂರಿಗೆ ಬಸ್ಸು ಹತ್ತುವ ದಿನ, ಮದುವೆಗೆ ಹೋಗುವ ದಿನ, ಪರೀಕ್ಷೆಯ ದಿನ ಕ್ರೀಮು. ಮನೆಯಲ್ಲಿದ್ದಾಗ ಬೇಡ. ಅಂಗಳ, ತೋಟ, ಕಾಯಿ ಸುಲಿಯುವ ಕಣ ಇವೆಲ್ಲ ಮನೆಯೇ ತಾನೆ, ಹೊರಗೆ ಹೇಗಾದೀತು? ಬೆಳಗಿನ ಅರ್ಧ ಗಂಟೆ ಎಳೆಬಿಸಿಲಿಗೆ ಮಾತ್ರ ಬರೀ ಎಣ್ಣೆ. ಕ್ರೀಮು ಹಚ್ಚಿದರೆ ಬಿಸಿಲಿನ ಸತ್ವ ಒಳಗೆ ಹೋಗುವುದಿಲ್ಲವಲ್ಲ. ಎರಡು ಬೆರಳುದ್ದ ಎನ್ನುವುದನ್ನು ಕಂಪನಿಯವರ ಆಟ ಎಂದು ತೀರ್ಮಾನಿಸಿ, ಕುಂಕುಮದಷ್ಟು ತೆಗೆದು ಮುಖಕ್ಕೆ ಸವರಿ ಕಳಿಸುತ್ತಿದ್ದೆ. ಕಿವಿಯ ಹಿಂದೆ ಯಾರು ನೋಡುತ್ತಾರೆ? ದಸರಾದಲ್ಲಿ ತಂದ ಟ್ಯೂಬು ಯುಗಾದಿವರೆಗೂ ಬಂತೆಂದು ಸಂತೋಷಪಟ್ಟವಳು ನಾನು.

ಹದಿನೇಳಕ್ಕೆ ಅವಳಿಗೆ ಮಂಡಿನೋವು ಬಂತು. ಮೂಳೆ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರೆ ವಿಟಮಿನ್ ಡಿ ಕಡಿಮೆ ಎಂದು ಬಂತು. ಆ ಕಾಗದ ಹಿಡಿದು ನಾನು ಮನೆಯಲ್ಲಿ ಕುಣಿಯುವುದೊಂದು ಬಾಕಿ. ನೋಡಿದಿರಾ, ನಾನು ಏನು ಹೇಳಿದ್ದೆ ಎಂದು ಗಂಡನಿಗೂ, ಅತ್ತೆಗೂ, ಅಂಗನವಾಡಿಯ ಸಹಾಯಕಿ ಮಂಜಮ್ಮನಿಗೂ ತೋರಿಸಿದೆ. ಅವರು ಬರೆದುಕೊಟ್ಟ ಮಾತ್ರೆಯನ್ನು ಒಂದು ತಿಂಗಳು ಕೊಟ್ಟು ನಿಲ್ಲಿಸಿದೆ. ಅರ್ಧ ಗಂಟೆಯ ಬಿಸಿಲು ಅಂದಿನಿಂದ ಮುಕ್ಕಾಲು ಗಂಟೆಯಾಯಿತು.

ಲಿಖಿತಾ ಒಮ್ಮೆ ಮಾತ್ರ ಎದುರು ಮಾತಾಡಿದಳು. ಆಗ ಬಿ.ಕಾಂ. ಓದುತ್ತಿದ್ದಳು. ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಏನೋ ಓದಿಕೊಂಡು, "ಅಮ್ಮ, ನನ್ನಂಥೋರು ಬಿಸಿಲಿಗೆ ಹೋಗ್ಲೇಬಾರ್ದು ಅಂತ ಬರೆದವ್ರೆ ಇದ್ರಲ್ಲಿ" ಎಂದಳು.

"ನಿನ್ನ ಹೆತ್ತಿದ್ದು ಆ ಫೋನಾ, ನಾನಾ?"

ಅವಳು ನಕ್ಕುಬಿಟ್ಟಳು. "ಸರಿ ಬುಡಮ್ಮ, ನಿಂಗೆ ಗೊತ್ತಿರ್ತದೆ" ಎಂದು ಜಡೆ ಬಿಚ್ಚಿಕೊಂಡು ಅಂಗಳಕ್ಕೆ ಹೋಗಿ ಕೂತಳು.

ಓದು ಮುಗಿದ ಮೇಲೆ ತಿಪಟೂರಿನ ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕನ್ನಡ ಟೈಪ್ ಮಾಡುವ ಕೆಲಸ ಹಿಡಿದಳು. ಅರ್ಜಿ, ಪತ್ರ, ಲಗ್ನಪತ್ರಿಕೆ. ಅಕ್ಷರ ದೊಡ್ಡದು ಮಾಡಿಕೊಂಡು ಪರದೆಗೆ ಮುಖ ಅಂಟಿಸಿ ಟೈಪ್ ಮಾಡುತ್ತಿದ್ದಳು. ತಪ್ಪು ಒಂದೂ ಇರುತ್ತಿರಲಿಲ್ಲವಂತೆ. ಅವಳ ಮೊದಲ ಸಂಬಳದಲ್ಲಿ ನನಗೊಂದು ಸೀರೆ ಬಂತು. ಅವಳು ಸುಖವಾಗಿದ್ದ ವರ್ಷ ಅದು.

ಅದೇ ವರ್ಷದ ಕಾರ್ತಿಕದ ಒಂದು ಭಾನುವಾರ. ಲಿಖಿತಾಳ ತಲೆಗೆ ಎಣ್ಣೆ ಹಾಕಿ ತಟ್ಟುತ್ತಿದ್ದೆ. ಎಡಗಿವಿಯ ಹಿಂದೆ, ಕೂದಲು ಶುರುವಾಗುವ ಕಡೆ, ಜೋಳದ ಕಾಳಿನಷ್ಟು ಗಟ್ಟಿ ಗಂಟೊಂದು ಬೆರಳಿಗೆ ಸಿಕ್ಕಿತು. ಬೆರಳು ಅಲ್ಲೇ ನಿಂತಿತು. ಕೂದಲು ಸರಿಸಿ ನೋಡಿದೆ. ಕೆಂಪಗೆ, ಮೇಲೆ ಒಂದಿಷ್ಟು ಹೊಪ್ಪಳೆ. ಉಷ್ಣದ ಗುಳ್ಳೆ ಎಂದು ನನಗೆ ನಾನೇ ಹೇಳಿಕೊಂಡು ಅದನ್ನು ಬಿಟ್ಟು ಸುತ್ತ ಎಣ್ಣೆ ಸವರಿದೆ.

ಮುಂದಿನ ಭಾನುವಾರವೂ ಇತ್ತು, ಅದರ ಮುಂದಿನದಕ್ಕೂ ಇತ್ತು. ಸಂಕ್ರಾಂತಿ ಹೊತ್ತಿಗೆ ಅವರೆಕಾಳಿನಷ್ಟಾಯಿತು. ಹೊಪ್ಪಳೆ ಉದುರುವುದು, ಒಸರುವುದು, ಮತ್ತೆ ಹೊಪ್ಪಳೆ ಕಟ್ಟುವುದು. ಕೊಬ್ಬರಿ ಎಣ್ಣೆಗೆ ಅರಿಶಿನ ಕಲಸಿ ಹಚ್ಚಿದೆ, ಆಮೇಲೆ ಕರ್ಪೂರ ಹಾಕಿ ಹಚ್ಚಿದೆ, ಯಾಕೆಂದು ಮಾತ್ರ ಅವಳಿಗೆ ಹೇಳಲಿಲ್ಲ. ಇದನ್ನು ಹೇಳಲು ನಾಲಿಗೆ ಏಳುವುದಿಲ್ಲ, ಆದರೂ ಹೇಳುತ್ತೇನೆ: ಗಾಯ ಬಿಸಿಲಿಗೆ ಒಣಗಲಿ ಎಂದು ಅವಳ ಕೂದಲನ್ನು ಮುಂದಕ್ಕೆ ಹಾಕಿಸಿ, ಕತ್ತನ್ನು ಪೂರ್ವಕ್ಕೆ ಮಾಡಿ ಕೂರಿಸಿದೆ.

ಒಂದು ದಿನ ಅಂಗನವಾಡಿಗೆ ಬುತ್ತಿ ಕೊಡಲು ಬಂದ ಲಿಖಿತಾಳನ್ನು ಹಿಂದಿನಿಂದ ನೋಡಿ ಮಂಜಮ್ಮ, "ಟೀಚರೇ, ಪಾಪು ಕಿವಿ ಹಿಂದೆ ಏನಾಗೈತೆ? ಡಾಕ್ಟ್ರುಗೆ ತೋರ್ಸಬಾರ್ದಾ?" ಎಂದಳು.

"ಕ್ಲಿಪ್ಪು ಚುಚ್ಚಿರೋ ಗಾಯ. ನೀನು ಹೋಗಿ ಬೇಳೆ ತೊಳಿ" ಎಂದು ಗದರಿದೆ. ಮಗಳಿಗೆ ಕೇಳಿಸಿತೋ ಇಲ್ಲವೋ ಎಂದು ತಿರುಗಿ ನೋಡಿದೆ. ಅವಳು ಮಕ್ಕಳ ಜೊತೆ ಏನೋ ಆಡುತ್ತಿದ್ದಳು.

ಯಾಕೆ ಕರೆದುಕೊಂಡು ಹೋಗಲಿಲ್ಲ ಎಂದು ಈಗ ನನ್ನನ್ನೇ ಕೇಳಿಕೊಳ್ಳುತ್ತೇನೆ. ಗೊತ್ತಾಗಲಿಲ್ಲ ಎಂದರೆ ಸುಳ್ಳು. ವಾಸಿಯಾಗದ ಗಾಯ ಕೆಟ್ಟದ್ದು ಎಂದು ತರಬೇತಿಯಲ್ಲಿ ನನಗೇ ಹೇಳಿಕೊಟ್ಟಿದ್ದರು, ನಾನೂ ಊರಿಗೆ ಹೇಳಿದ್ದೆ. ತಿಪಟೂರಿನಲ್ಲಿ ಚರ್ಮಕ್ಕೆ ನಮಗೆ ಗೊತ್ತಿದ್ದವಳು ಆ ಡಾಕ್ಟರ್ ಒಬ್ಬಳೇ. ಅವಳ ಮುಂದೆ ನಿಂತು, ನೀವು ಹೇಳಿದ್ದೇ ಸರಿ, ನಾನೇ ತಪ್ಪು ಎಂದು ಒಪ್ಪಿಕೊಳ್ಳಬೇಕಾಗುತ್ತದಲ್ಲ ಎನ್ನುವುದು ನನಗೆ ಮಗಳ ಗಾಯಕ್ಕಿಂತ ದೊಡ್ಡದಾಗಿ ಕಂಡಿತು. ಇನ್ನೊಂದು ವಾರ ನೋಡೋಣ ಎಂದುಕೊಂಡು ನಾಲ್ಕೂವರೆ ತಿಂಗಳು ನೋಡಿದೆ.

ಯುಗಾದಿ ಕಳೆದ ವಾರ ಅಂಗಡಿಯಲ್ಲಿ ಅವಳ ಚೂಡಿದಾರದ ಕತ್ತಿನ ಪಟ್ಟಿ ರಕ್ತವಾಯಿತು. ಅಂಗಡಿಯವರು ಅವಳ ಅಪ್ಪನಿಗೆ ಫೋನ್ ಮಾಡಿದರು. ಗಂಡ ನನ್ನನ್ನೂ ಗಾಡಿಯಲ್ಲಿ ಕೂರಿಸಿಕೊಂಡು ಹೋಗಿ, ಅವಳನ್ನು ನೇರವಾಗಿ ಅದೇ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಆಕೆಗೆ ನಮ್ಮ ಗುರುತು ಸಿಕ್ಕಿತು. ಕೂದಲು ಸರಿಸಿ ನೋಡಿದಳು, ಗಲ್ಲದ ಕೆಳಗೆ, ಕತ್ತಿನ ಪಕ್ಕ ಒತ್ತಿ ಒತ್ತಿ ನೋಡಿದಳು. ಒಂದು ಕಡೆ ಕೈ ನಿಂತಿತು.

"ಯಾವಾಗಿಂದ ಇದೆ ಇದು?"

ಲಿಖಿತಾಗೆ ತನ್ನ ಕಿವಿಯ ಹಿಂದೆ ಕಾಣುವುದಿಲ್ಲ. ಗಂಡನಿಗೆ ಗೊತ್ತಿಲ್ಲ. ಮೂವರೂ ನನ್ನ ಮುಖ ನೋಡಿದರು.

"ಒಂದು ತಿಂಗಳಿಂದ" ಎಂದೆ.

ಡಾಕ್ಟರ್ ನನ್ನನ್ನು ಬೈಯಲಿಲ್ಲ, ಹಳೆಯ ಮಾತು ಎತ್ತಲಿಲ್ಲ. ಬೆಂಗಳೂರಿನ ಆಸ್ಪತ್ರೆಗೆ ಚೀಟಿ ಬರೆದಳು, ತಡಮಾಡಬೇಡಿ ಎಂದಳು. ಬೈದಿದ್ದರೆ ಜಗಳವಾಡಿಯಾದರೂ ಬರುತ್ತಿದ್ದೆ.

ಬೆಂಗಳೂರಿನಲ್ಲಿ ಕ್ಯಾನ್ಸರ್ ಎಂದರು. ಎಡಗಿವಿ ಅರ್ಧ ತೆಗೆದರು, ಕತ್ತಿನ ಗಂಟುಗಳನ್ನು ತೆಗೆದರು, ತೊಡೆಯ ಚರ್ಮ ತಂದು ಹೊಲಿದರು. ಆಮೇಲೆ ಮೂವತ್ತು ದಿನ ರೇಡಿಯೇಷನ್ನಿನ ಕರೆಂಟು ಕೊಟ್ಟರು. ಆಪರೇಷನ್ ಮಾಡಿದ ದೊಡ್ಡ ಡಾಕ್ಟರು ವರಾಂಡದಲ್ಲಿ ನಿಂತು ಹೇಳಿದ್ದು ನನಗೊಬ್ಬಳಿಗೇ. "ಕಾಳಿನಷ್ಟಿದ್ದಾಗ ಬಂದಿದ್ರೆ ಅಲ್ಲೇ ಮರಗಟ್ಟಿಸಿ ತೆಗೆದು, ಸಾಯಂಕಾಲಕ್ಕೆ ಮನೆಗೆ ಕಳಿಸ್ತಿದ್ವಿ. ಇವಳ ಅದೃಷ್ಟ ಕೆಟ್ಟಿತ್ತು, ಒಂದೇ ತಿಂಗಳಲ್ಲಿ ಇಷ್ಟು ಬೆಳೆದಿದೆ."

ನನ್ನ ಸುಳ್ಳು ಊರಿಗೆ ನನಗಿಂತ ಮೊದಲೇ ತಲುಪಿತ್ತು. ನೋಡಲು ಬಂದವರಿಗೆಲ್ಲ ಗಂಡ ಅದನ್ನೇ ಹೇಳುತ್ತಿದ್ದರು. "ಒಂದ್ ತಿಂಗ್ಳಲ್ಲಿ ಹಿಂಗಾಗೋಯ್ತು ಕಣಪ್ಪ. ನಮ್ಮ ಗಿರಿಜಾ ಹಂಗೆಲ್ಲ ಬುಡೋಳಲ್ಲ, ಕಣ್ಣಲ್ಲಿ ಕಣ್ಣಿಟ್ಟು ಸಾಕವ್ಳೆ." ನಾನು ಅವರಿಗೆಲ್ಲ ಕಾಫಿ ಕೊಡುತ್ತಿದ್ದೆ. ಆಸ್ಪತ್ರೆಯಲ್ಲಿ ಲಿಖಿತಾ ಒಂದು ದಿನ, "ನಾನೇ ಕನ್ನಡೀಲಿ ನೋಡ್ಕೊಬೇಕಿತ್ತು ಕಣಮ್ಮ" ಎಂದಾಗಲೂ ಸುಮ್ಮನಿದ್ದೆ. ತಪ್ಪನ್ನು ಅವಳು ಹೊತ್ತುಕೊಳ್ಳಲು ಬಿಟ್ಟೆ. ಇದಕ್ಕಿಂತ ಹೇಸಿಗೆ ಕೆಲಸ ನಾನು ಬದುಕಿನಲ್ಲಿ ಮಾಡಿಲ್ಲ.

ಊರಿಗೆ ಬಂದ ಮೇಲೆ ನನ್ನಷ್ಟು ಶಿಸ್ತಿನವಳು ಇನ್ನೊಬ್ಬಳಿಲ್ಲ. ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಹಾಕಿದೆ. ಬಚ್ಚಲಿಗೆ ಹೋಗಲು ಅಂಗಳ ದಾಟುವಾಗಲೂ ಛತ್ರಿ ಹಿಡಿದೆ. ಹೊಲಿಗೆ ಹಾಕಿದ ಕಡೆ ಬಿಟ್ಟು ಮುಖ, ಕೈ, ಬಲಗಿವಿಯ ಹಿಂದೆ, ಎರಡು ಬೆರಳುದ್ದ ಅಳೆದು, ಗಡಿಯಾರ ನೋಡಿ ಹಚ್ಚಿದೆ. ಎಂಟು ವರ್ಷದಲ್ಲಿ ಮುಗಿಸದಷ್ಟು ಟ್ಯೂಬುಗಳನ್ನು ಎರಡು ತಿಂಗಳಲ್ಲಿ ಮುಗಿಸಿದೆ. ಮಾತ್ರೆಯನ್ನೂ ತಪ್ಪದೆ ನುಂಗಿಸಿದೆ. ಅಂಗನವಾಡಿಗೆ ಹೋಗುತ್ತಿದ್ದೆ, ಆದರೆ ಬಾಣಂತಿಯರ ಮನೆಗೆ ಮಂಜಮ್ಮನನ್ನೇ ಕಳಿಸಿದೆ. ಆ ಮಕ್ಕಳಿಗೆ ಎಳೆಬಿಸಿಲು ಬೇಕು, ಅದು ಸರಿಯೇ. ನನ್ನ ಬಾಯಿಂದ ಅದನ್ನು ಹೇಳಲು ಆಗಲಿಲ್ಲ, ಅಷ್ಟೆ.

ಶ್ರಾವಣದಲ್ಲಿ ಕೆಮ್ಮು ಶುರುವಾಯಿತು. ಬೆಂಗಳೂರಿಗೆ ಹೋಗಿ ಸ್ಕ್ಯಾನ್ ಮಾಡಿಸಿದೆವು. ಲಿಖಿತಾಳನ್ನು ಹೊರಗೆ ಕೂರಿಸಿ, ಶ್ವಾಸಕೋಶಕ್ಕೆ ಹೋಗಿದೆ, ಇನ್ನು ನೋವಿಗೆ ಔಷಧಿ ಕೊಡಬಹುದು ಅಷ್ಟೆ, ಮನೆಗೆ ಕರೆದುಕೊಂಡು ಹೋಗಿ ಎಂದರು. ದೀಪಾವಳಿ ದಾಟುವುದು ಕಷ್ಟ ಎಂದರು. ಕೋಣೆಯಿಂದ ಹೊರಗೆ ಬಂದು ಗಂಡ, "ಕಫ ಕಟ್ಟೈತಂತೆ ಕಣಮ್ಮ, ಔಷ್ಧಿ ಕೊಟ್ಟವ್ರೆ" ಎಂದರು. ನಾನು ಅದಕ್ಕೂ ಸುಮ್ಮನಿದ್ದೆ.

ಹೋದ ಮಂಗಳವಾರ, ಮಧ್ಯಾಹ್ನ ಮೂರು ಗಂಟೆ ಇರಬೇಕು. ಗಂಡ ತಿಪಟೂರಿಗೆ ನೋವಿನ ಔಷಧಿ ತರಲು ಹೋಗಿದ್ದರು. ಅವಳು ಒಳಕೋಣೆಯ ಮಂಚದಲ್ಲಿ ಮಲಗಿದ್ದಳು. ನಾನು ಟ್ಯೂಬ್ ಒತ್ತಿ ಎರಡು ಬೆರಳಿಗೆ ಕ್ರೀಮ್ ಹಾಕಿಕೊಂಡು ಹತ್ತಿರ ಹೋದೆ.

"ಬೇಡ ಬುಡಮ್ಮ" ಎಂದಳು. "ಕತ್ಲೇಲಿ ಮಲ್ಗಿದೀನಿ, ಯಾವ ಬಿಸ್ಲು ಬತ್ತದೆ ಇಲ್ಲಿಗೆ?"

ಬೆರಳ ಮೇಲೆ ಕ್ರೀಮು ಹಾಗೇ ಇತ್ತು. ಎಷ್ಟು ದಿನ ಹೊಟ್ಟೆಯಲ್ಲಿ ಇಟ್ಟುಕೊಳ್ಳಲಿ?

"ಲಿಖೀ, ಅದು ಒಂದು ತಿಂಗಳದ್ದಲ್ಲ ಕಣೇ. ಕಾರ್ತಿಕದಲ್ಲೇ ನನ್ನ ಕೈಗೆ ಸಿಕ್ಕಿತ್ತು. ಡಾಕ್ಟರ ಮುಂದೆ ಸುಳ್ಳು ಹೇಳ್ದೆ."

ಅವಳು ಕಣ್ಣು ತೆರೆದು ನನ್ನ ಕಡೆ ನೋಡಿದಳು. ಅವಳ ಕಣ್ಣು ಯಾವಾಗಲೂ ಅತ್ತಿತ್ತ ಅದುರುತ್ತಿರುತ್ತದೆ, ಏನು ನೋಡುತ್ತಿದ್ದಾಳೆಂದು ಹೇಳುವುದು ಕಷ್ಟ.

"ಗೊತ್ತು" ಎಂದಳು.

"ಏನ್ ಗೊತ್ತು?"

"ಎಣ್ಣೆ ಹಚ್ತಾ ಹಚ್ತಾ ಅವತ್ತು ನಿನ್ನ ಬೆರಳು ನಿಂತೋಯ್ತು. ಆಮೇಲೆ ಭಾನ್ವಾರ ಬಂದ್ರೆ ಅದನ್ನ ಬುಟ್ಟು ಸುತ್ತ ಹೋಗ್ತಿತ್ತು, ಅರಿಶಿನ ಹಚ್ಚುವಾಗ್ಲೂ ಯಾಕೆ ಅಂತ ನೀನು ಹೇಳ್ಲಿಲ್ಲ. ನಂಗೆ ನೋವಿತ್ತಮ್ಮ."

"ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ ನೀನು? ಯಾಕೆ ಕೇಳ್ಲಿಲ್ಲ?" ನಾನು ಕೂಗಿಬಿಟ್ಟೆ. ಆಗಲೂ ಅವಳ ಮೇಲೇ ಕೂಗಿದೆ.

"ನೀನು ಸುಮ್ನಿದ್ದೆ. ಏನಾದ್ರೂ ಇದ್ದಿದ್ರೆ ಅಮ್ಮ ಹೇಳ್ತಿದ್ಲು, ಅವಳಿಗೆ ಗೊತ್ತಾಗ್ದೆ ಇರ್ತದಾ ಅಂದ್ಕೊಂಡೆ." ಕೆಮ್ಮು ಬಂತು. ನೀರು ಕುಡಿಸಿದೆ. ಉಸಿರು ಸರಿಹೋಗಲು ಹೊತ್ತು ಹಿಡಿಯಿತು. ಆಮೇಲೆ ಅವಳೇ ಕೇಳಿದಳು. "ಬೆಂಗ್ಳೂರಿಂದ ಬಂದಾಗ್ಲಿಂದ್ಲೂ ನೀನು ಸುಮ್ನಿದೀಯ. ಈಗ್ಲೂ ಏನೂ ಇಲ್ಲ ಅಂದ್ಕೊಳ್ಲಾ?"

ನಾನು ಮಂಚದ ತುದಿಯಲ್ಲಿ ಕೂತೆ. ಎಲ್ಲ ಹೇಳಿದೆ. ಕಫ ಅಲ್ಲ ಎಂದೆ, ಶ್ವಾಸಕೋಶಕ್ಕೆ ಹೋಗಿರುವುದನ್ನು ಹೇಳಿದೆ, ದೀಪಾವಳಿಯ ಮಾತನ್ನೂ ಮುಚ್ಚಿಡಲಿಲ್ಲ. ಅವಳು ಹೊದಿಕೆಯ ಅಂಚನ್ನು ಬೆರಳಲ್ಲಿ ಮಡಿಸುತ್ತ ಬಿಚ್ಚುತ್ತ ಇದ್ದಳು.

"ಕಾರ್ತಿಕದಲ್ಲೇ ತೋರ್ಸಿದ್ದಿದ್ರೆ?"

ಇಲ್ಲ, ಆಗಲೂ ಏನೂ ಆಗುತ್ತಿರಲಿಲ್ಲ, ಹಣೆಬರಹ ಎನ್ನಬಹುದಿತ್ತು. ಅವಳು ನಂಬುತ್ತಿದ್ದಳು, ನಾನು ಹೇಳಿದ್ದನ್ನೆಲ್ಲ ನಂಬಿದವಳು.

"ಉಳೀತಿದ್ದೆ ಕಣೇ" ಎಂದೆ. "ಅವತ್ತು ಸಾಯಂಕಾಲವೇ ಮನೆಗೆ ಕಳಿಸ್ತಿದ್ರಂತೆ."

ಅವಳು ನಿಧಾನವಾಗಿ ತಲೆಯಾಡಿಸಿದಳು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿಕೊಂಡಳು. ನಾನು ಅವಳ ಬೆನ್ನ ಮೇಲೆ ಕೈ ಇಡಲು ಹೋದೆ.

"ಅಪ್ಪ ಬಂದ್ಮೇಲೆ ಒಳಗೆ ಕಳ್ಸು" ಎಂದಳು. "ನೀನು ಬರ್ಬೇಡ."

ನಾನು ಎದ್ದು ಹೊರಗೆ ಬಂದು ಬಾಗಿಲು ಮುಂದಕ್ಕೆ ಎಳೆದುಕೊಂಡೆ.